ಮಾರ್ತಕ್ಕ ಸಿಟ್ಟು ಬಿಟ್ಟ ನಲವತ್ತು ದಿನ

ಇವತ್ತು ಬೆಳಿಗ್ಗೆ ಮೆಟ್ರೋದಲ್ಲಿ, ಹಣೆಯ ಮೇಲೆ ಬೂದಿಯ ಶಿಲುಬೆ ಇದ್ದ ಹುಡುಗಿಯೊಬ್ಬಳಿಗೆ ಪಕ್ಕದ ಹೆಂಗಸು ಕರವಸ್ತ್ರ ಕೊಟ್ಟು, ಒರೆಸಿಕೋ ಎಂದು ಸನ್ನೆ ಮಾಡಿದಳು. ನನಗೆ ನಗು ತಡೆಯಲಾಗಲಿಲ್ಲ. ಈ ಊರಿನ ಉಪ್ಪಲ್‌ಗೆ ಬಾಡಿಗೆಗೆ ಬಂದ ಹೊಸತರಲ್ಲಿ ನಾನೂ ಮನೆ ಮಾಲೀಕಳಿಗೆ "ಅಕ್ಕಾರ, ಹಣಿಗೆ ಮಸಿ ಹತ್ತೇತ್ರಿ" ಎಂದವನೇ.

"ಮಸಿ ಅಲ್ಲೋ, ಬೂದಿ. ನಾಳೆ ನೀನೂ ಇದೇ ಆಗಾಂವ" ಎಂದಿದ್ದರು ಮಾರ್ತಕ್ಕ.

ಮಾರ್ತಕ್ಕ ಬೀದರ್ ಕಡೆಯ ಕ್ರೈಸ್ತರು, ನಿವೃತ್ತ ನರ್ಸು. ಯೇಸು ಅಡವಿಯಲ್ಲಿ ಉಪವಾಸವಿದ್ದ ನೆನಪಿಗೆ, ಈಸ್ಟರ್‌ಗೆ ಮುಂಚಿನ ನಲವತ್ತು ದಿನ ಇಷ್ಟವಾದದ್ದೊಂದನ್ನು ಬಿಡಬೇಕಂತೆ. ಅವರು ಮಟನ್ ಬಿಡುತ್ತಿದ್ದರು. ಭಾನುವಾರಗಳು ಆ ನಲವತ್ತರಲ್ಲಿ ಸೇರುವುದಿಲ್ಲವಾದ್ದರಿಂದ, ಆರು ದಿನದ್ದನ್ನು ಅಂದೇ ತಿಂದು ಮುಗಿಸುತ್ತಿದ್ದರು. ಹುಟ್ಟಾ ಸಸ್ಯಾಹಾರಿಯಾದ ನಾನು, "ನಂದು ವರ್ಷಪೂರ್ತಿ ವ್ರತರಿ" ಎಂದು ಜಂಬ ಕೊಚ್ಚಿದರೆ, "ತಿಂದ್ರ ಅಲ್ಲೇನೋ ಬಿಡೂದು?" ಎನ್ನುತ್ತಿದ್ದರು.

ಒಂದು ವರ್ಷ ಮಾತ್ರ ಚರ್ಚಿನಿಂದ ಮುಖ ಸಣ್ಣದು ಮಾಡಿಕೊಂಡು ಬಂದರು.

"ಎಲ್ಲಕ್ಕಿಂತ ಪ್ರೀತೀದು ಬಿಡ್ರಿ ಅಂದ ಪಾದ್ರಿ. ನನಗ ಪ್ರೀತೀದು ಅಂದ್ರ ರೂತಿನ ಮ್ಯಾಲಿನ ಸಿಟ್ಟು."

ರೂತ್ ಅವರ ತಂಗಿ. ಇದ್ದದ್ದು ಇದೇ ಊರಿನ ಜೀಡಿಮೆಟ್ಲಾದಲ್ಲಿ. ಮಾರ್ತಕ್ಕನ ಮಗಳ ಮದುವೆಯಲ್ಲಿ, ಬೀಗರ ಮುಂದೆಯೇ ಬಿರಿಯಾನಿ ಬೆಂದಿಲ್ಲ ಎಂದುಬಿಟ್ಟಿದ್ದಳು. ಆರು ವರ್ಷದಿಂದ ಮಾತಿರಲಿಲ್ಲ.

"ನಲವತ್ತ ದಿನ ಅಷ್ಟ ಬಿಡ್ತೀನಿ. ಈಸ್ಟರ್ ಆಗೂದ ತಡ, ಮತ್ತ ಹಿಡೀತೀನಿ."

ದಿನಾ ಸಂಜೆ ಫೋನ್ ಮಾಡತೊಡಗಿದರು. "ಬಿಸಲ ಭಾಳ ಐತೇನು?" "ಐತಿ." ಅಷ್ಟೇ, ಇಟ್ಟುಬಿಡುವುದು. ಭಾನುವಾರ ರಜೆ. ನಾಲ್ಕನೆಯ ಭಾನುವಾರ ಆ ಕಡೆಯಿಂದಲೇ ಫೋನ್ ಬಂತು.

"ಯಾಕ ಮಾಡ್ಲಿಲ್ಲ? ಆರಾಮ ಇಲ್ಲೇನು?"

"ಇವತ್ತ ನನ್ನ ಸಿಟ್ಟಿನ ದಿನ, ಇಡು" ಎಂದ ಮಾರ್ತಕ್ಕ, ತಾವು ಮಾತ್ರ ಒಂದು ಗಂಟೆ ಫೋನ್ ಇಡಲಿಲ್ಲ.

ಈಸ್ಟರ್ ದಿನ ರೂತ್ ಬಂದಳು. ಮಾರ್ತಕ್ಕ ಬಾಗಿಲಲ್ಲೇ ಶುರು ಮಾಡಿದರು: "ಅವತ್ತ ಯಾಕ ಹಂಗಂದಿ?"

"ಅಡಗಿಗೆ ಕರೀಲಿಲ್ಲ ನೀ. ಉಣ್ಣಾಕ ಅಷ್ಟ ಕರದಿ, ಮಂದೀಗೆ ಕರದಂಗ" ಎಂದಳು ರೂತ್.

ಮಾರ್ತಕ್ಕ ಒಳಗೆ ಹೋಗಿ, ಈರುಳ್ಳಿ ಬುಟ್ಟಿ, ಚಾಕು ತಂದು ತಂಗಿಯ ಮುಂದಿಟ್ಟರು. "ತಗೋ, ಹೆಚ್ಚು." ಇಬ್ಬರೂ ಅತ್ತರು, ತಪ್ಪನ್ನು ಈರುಳ್ಳಿಯ ಮೇಲೆ ಹಾಕಿದರು.

ನಾನು ಕ್ರೈಸ್ತನಲ್ಲ, ಯಾವ ವ್ರತವನ್ನೂ ಮಧ್ಯಾಹ್ನದಾಚೆ ದಾಟಿಸಿದವನೂ ಅಲ್ಲ. ಆದರೂ ಇವತ್ತು ಸಂಜೆ ಹಿಮಾಯತ್‌ನಗರದ ಆಫೀಸಿನಿಂದ ಹೊರಬಿದ್ದು, ಫುಟ್‌ಪಾತಿನ ಮೇಲೆ ನಿಂತೇ, ಎರಡು ವರ್ಷದಿಂದ ಮಾತು ಬಿಟ್ಟಿದ್ದ ಕಲಬುರಗಿಯ ಅಣ್ಣನಿಗೆ ಫೋನ್ ಹಚ್ಚಿದೆ. ನನ್ನ ದನಿ ಕೇಳಿದ್ದೇ ತಡ, ಬೈಯತೊಡಗಿದ. ನಾನು ಕೇಳುತ್ತಾ ನಿಂತೆ.