ಬೋಗುಣಿಯ ಕೆಳಗಿನ ಟವರ್

ಇದೆಲ್ಲ ಹೀಗೇ ನಡೆಯಿತೆಂದು ಆಣೆ ಮಾಡಲಾರೆ. ಡಬ್ಬಿ ಬಂದದ್ದು ದೀಪಾವಳಿಗೆ ಮುಂಚೆಯೋ ಆಮೇಲೋ ಎಂಬುದರಲ್ಲಿ ನನಗೂ ಗಂಡನಿಗೂ ಇವತ್ತಿಗೂ ಒಮ್ಮತವಿಲ್ಲ. ಬೋಗುಣಿಯ ವಿಷಯ ಮಾತ್ರ ಖಚಿತ.

ಬುಕ್ಕಸಾಗರದ ನಮ್ಮ ಮನೆಗೆ ದಪ್ಪ ಕಲ್ಲಿನ ಗೋಡೆ, ಬೆನ್ನಿಗೇ ಗುಡ್ಡ. ಒಳಗೆ ಫೋನು ಬರೀ ಗಡಿಯಾರ. ಕಂಪ್ಲಿಯಲ್ಲಿರುವ ತಂಗಿಯೊಡನೆ ಮಾತಾಡಲು ಅತ್ತೆ ದಿನಾ ಸಂಜೆ ಹಿತ್ತಲಿನ ಬಂಡೆ ಹತ್ತುತ್ತಿದ್ದರು. ಅಡುಗೆಮನೆಗೆ ಅವರ ನಗು ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಒಮ್ಮೆ ಇಳಿಯುವಾಗ ಜಾರಿ ಮೊಣಕಾಲು ಊದಿಸಿಕೊಂಡರು. ಆಗಲೇ ಹೊಸಪೇಟೆಯಿಂದ ಆ ಡಬ್ಬಿ ತರಿಸಿದೆವು. ಮನೆಯ ಇಂಟರ್‌ನೆಟ್ ತಂತಿಗೆ ಜೋಡಿಸಿದರೆ ಅದೇ ಒಂದು ಪುಟ್ಟ ಟವರ್. ಮೂಲೆ ಮೂಲೆಗೂ ಸಿಗ್ನಲ್.

ಮೊದಲ ಸಂಜೆ ಅತ್ತೆಯನ್ನು ಪಡಸಾಲೆಯಲ್ಲಿ ಕೂರಿಸಿ ನಾವೂ ಸುತ್ತ ಕುಳಿತೆವು. ತಂಗಿಯ ದನಿ ಗೋಡೆಗೆ ಬಡಿಯುವಷ್ಟು ಜೋರು.

"ಯಕ್ಕಾ, ಮಸ್ತ್ ಕೇಳಾಕತ್ತೈತಿ! ನಿನ್ನೆ ಅರ್ಧಕ್ಕ ಬಿಟ್ಟಿದ್ದಲ್ಲ, ನಿನ್ನ ಸೊಸಿ ಸಾರಿನ ಕತಿ, ಅದನ್ನ ಹೇಳು."

ಅತ್ತೆ ನನ್ನ ಮುಖ ನೋಡಿದರು. "ಸಾರು ಚಲೋನ ಮಾಡ್ತಾಳವ್ವ. ಇಡ್ತೀನಿ."

ಗಂಡ ನಗು ತಡೆಯಲಾರದೆ ಎದ್ದು ಹೋದ. ಆಮೇಲಿನ ದಿನಗಳಲ್ಲಿ ಅತ್ತೆಯ ಮಾತು "ಹೂಂ", "ಹಂಗ", "ಆತು" ಅಷ್ಟರಲ್ಲೇ ಮುಗಿಯುತ್ತಿತ್ತು.

ವಾರದೊಳಗೆ ಸಿಗ್ನಲ್ ಮಾಯ. ಅತ್ತೆ ಮತ್ತೆ ಬಂಡೆ ಹತ್ತಿದರು. ಡಬ್ಬಿ ಕೂರಿಸಿದವನಿಗೆ ಫೋನ್ ಮಾಡಲು ಗಂಡನೂ ಹತ್ತಬೇಕಾಯಿತು. ನಾನು ಕಸ ಗುಡಿಸುತ್ತ, ಡಬ್ಬಿ ಇಟ್ಟಿದ್ದ ಗೋಡೆಯ ಮಾಡದ ಕಡೆ ನೋಡಿದರೆ, ಡಬ್ಬಿಯ ಜಾಗದಲ್ಲಿ ದೊಡ್ಡ ಸ್ಟೀಲ್ ಬೋಗುಣಿ ಬೋರಲು ಬಿದ್ದಿದೆ, ಅಂಚಿನಡಿಯಿಂದ ತಂತಿ ಹೊರಬಂದಿದೆ. ಎತ್ತಿದೆ. ವಿಭೂತಿ ಹಚ್ಚಿಸಿಕೊಂಡ ಡಬ್ಬಿ ತಣ್ಣಗೆ ದೀಪ ಮಿಟುಕಿಸುತ್ತಿತ್ತು. ಮರುಕ್ಷಣವೇ ನನ್ನ ಫೋನು ರಿಂಗಾಯಿತು. ಅಥವಾ ಇದು ನಾನು ಆಮೇಲೆ ಸೇರಿಸಿಕೊಂಡದ್ದೋ?

"ಅತ್ತೀ, ಸ್ಟೀಲ್ ಮುಚ್ಚಿದ್ರ ಸಿಗ್ನಲ್ ಹೊರಗ ಬರಂಗಿಲ್ರಿ."

"ಹಲ್ಲಿ ಕಾಟ ಭಾಳ ಐತವ್ವ. ನಿಮ್ಮ ಟವರ್ ಸಂಗತಿ ನನಗೇನು ಗೊತ್ತು?"

ನಂಬಿದೆ. ಹಾಲು, ಹಿಟ್ಟು, ಕೊನೆಗೆ ಕನ್ನಡಕಕ್ಕೂ ಬೋಗುಣಿ ಮುಚ್ಚುವವರು ಅವರು. ಆದರೂ ಡಬ್ಬಿಯನ್ನು ಹಿತ್ತಲ ಕಿಟಕಿಗೆ ಬದಲಾಯಿಸಿದೆವು. ಈಗ ಬಟ್ಟೆ ಒಗೆಯುವ ಕಲ್ಲಿನ ತನಕ ಸಿಗ್ನಲ್ ಸಿಗುತ್ತದೆ. ಅತ್ತೆ ಅಲ್ಲೇ ಕುಳಿತು, ಹಿತ್ತಲ ಬಾಗಿಲು ಎಳೆದುಕೊಂಡು, ಮೊದಲಿನಷ್ಟೇ ನಗುತ್ತಾರೆ.

ನಿನ್ನೆ ಅವರ ಎಲೆಗೆ ಸಾರು ಬಡಿಸುತ್ತ ಕೇಳಿದೆ: "ಅತ್ತೀ, ಖರೇನ ಹೇಳ್ರಿ. ಬೋಗುಣಿ ಹಲ್ಲಿಗಂತ ಮುಚ್ಚಿದ್ರೋ, ನಾ ಕೇಳಬಾರದಂತ ಮುಚ್ಚಿದ್ರೋ?"