ಗಿನಿಕೋಳಿಯ ದುಃಖ

ನಾವು ಅಮೆರಿಕದ ಪ್ಲೇನ್‌ಫೀಲ್ಡ್‌ನಲ್ಲಿದ್ದ ಆ ಕಾಲದಲ್ಲಿ ನಾನೂ ಸಿಂಚನಾಳೂ ಸ್ಕೂಲ್ ಬಸ್ಸಿನಿಂದಿಳಿದು ನೇರ ಎಫುವಾ ಆಂಟಿಯ ಮನೆಗೆ ಹೋಗುತ್ತಿದ್ದೆವು. ಆಂಟಿ ಘಾನಾದವರು, ನಮ್ಮ ಬಡಾವಣೆಯಲ್ಲೇ ಇದ್ದರು. ಅಮ್ಮಂದಿರು ಆಫೀಸಿನಿಂದ ಬರುವವರೆಗೆ ನಮ್ಮನ್ನು ನೋಡಿಕೊಳ್ಳುತ್ತಿದ್ದರು. ಬಾಗಿಲು ತೆಗೆದರೆ ಶುಂಠಿ, ಖಾರ ಹಚ್ಚಿ ಕರಿದ ಬಾಳೆಹಣ್ಣಿನ ವಾಸನೆ. ತಿಂದಾದ ಮೇಲೆ ಗುಳಿಗಳಿದ್ದ ಮರದ ಹಲಗೆಯಲ್ಲಿ ಬೀಜದಾಟ. ಅದನ್ನು ಮೊದಲ ಸಲ ಕಂಡಾಗ ನನ್ನಮ್ಮ, "ಅಯ್ಯೋ, ನಮ್ಮ ಅಳಿಗುಳಿಮಣೆ ಕಣೇ ಇದು!" ಎಂದು ಕೋಟು ಕೂಡ ಬಿಚ್ಚದೆ ಒಂದಾಟ ಆಡಿಯೇ ಬಿಟ್ಟಿದ್ದಳು.

ನಾವು ಕಿತ್ತಾಡಿದರೆ ಆಂಟಿ ಗದರುತ್ತಿರಲಿಲ್ಲ, ಅವರಜ್ಜಿ ಹೇಳುತ್ತಿದ್ದ ಕಥೆ ಶುರು ಮಾಡುತ್ತಿದ್ದರು. ಆನೆ ಹೊಂಡಕ್ಕಿಳಿದು ನೀರು ಕದಡುತ್ತದೆ. ಚುಕ್ಕೆಗರಿಯ ಗಿನಿಕೋಳಿ ನೆಲ ಕೆದರಿ ಆನೆಯ ಕಣ್ಣಿಗೆ ಧೂಳು ಹಾರಿಸುತ್ತದೆ. ಮರದಡಿ ಪಂಚಾಯಿತಿ ಸೇರುತ್ತದೆ. ಅಲ್ಲಿಗೆ ಆಂಟಿ ನಿಲ್ಲಿಸಿಬಿಡುತ್ತಿದ್ದರು, ಮುಂದಿನದು ನಮ್ಮ ಪಾಲು. ಆದರೆ ಆನೆಯಾದವಳು ಗಿನಿಕೋಳಿಯ ದುಃಖ ಹೇಳಬೇಕು, ಗಿನಿಕೋಳಿಯಾದವಳು ಆನೆಯದು. ಎದುರಿನವಳು "ಹೌದು, ಅಷ್ಟೇ" ಎಂದು ಒಪ್ಪುವವರೆಗೆ ಬಿಡುಗಡೆಯಿಲ್ಲ. ಸಿಂಚನಾ ಬೇಕೆಂದೇ ಒಪ್ಪುತ್ತಿರಲಿಲ್ಲ, ಕಿಲಾಡಿ.

ಆ ವರ್ಷ ಕನ್ನಡಿಗರೆಲ್ಲ ಮನೆಯಿಂದ ಒಂದೊಂದು ಅಡುಗೆ ತಂದು ಸೇರುವ ಯುಗಾದಿ ಪಾಟ್‌ಲಕ್‌ನಲ್ಲಿ ಬಡಿಸುವ ಉಸ್ತುವಾರಿ ನನ್ನಮ್ಮನದು. ಸಿಂಚನಾಳ ಅಮ್ಮ ವಿದ್ಯಾ ಆಂಟಿ ತಂದಿದ್ದ ಹೋಳಿಗೆಯ ಟ್ರೇಗಳನ್ನು ಅಮ್ಮ ಅಡುಗೆಮನೆಯಲ್ಲೇ ಇಟ್ಟು ಮರೆತಳು. ಎಲ್ಲರ ಊಟ ಮುಗಿದ ಮೇಲೆ ಅವು ಫಾಯಿಲ್ ಸಮೇತ ಹಾಗೇ ಸಿಕ್ಕವು. ವಿದ್ಯಾ ಆಂಟಿ ಅವನ್ನು ಕಾರಿಗೆ ತುಂಬಿಕೊಂಡು ಹೊರಟರು. ಆಮೇಲೆ ಫೋನಿಲ್ಲ.

"ಸಾರಿ ಅಂತ ಮೆಸೇಜ್ ಮಾಡ್ದೆ. ಇನ್ನೇನು ಕಾಲಿಗೆ ಬೀಳ್ಬೇಕಾ?" ಎಂದು ಅಮ್ಮ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು.

ಒಂದು ದಿನ ಸಿಂಚನಾ ಹೇಳಿದಳು: "ನೆಕ್ಸ್ಟ್ ವೀಕಿಂದ ನಾನ್ ಬರಲ್ಲ. ಮಾಮ್ ಬೇರೆ ಕಡೆ ಸೇರಿಸ್ತಾಳಂತೆ." ನನಗಿದ್ದ ಗೆಳತಿ ಅವಳೊಬ್ಬಳೇ. ಅಳುತ್ತ ಎಫುವಾ ಆಂಟಿಗೆ ಎಲ್ಲ ಹೇಳಿದೆ.

ಆಂಟಿ ಇಬ್ಬರು ಅಮ್ಮಂದಿರನ್ನೂ ಶುಕ್ರವಾರ ಒಂದೇ ಹೊತ್ತಿಗೆ ಬರಹೇಳಿದರು. ಬಂದವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. "ಮಕ್ಕಳ ಕಥೆ ಮುಗಿದಿಲ್ಲ, ಕೂತುಕೊಳ್ಳಿ" ಎಂದು ಆಂಟಿ ಇಂಗ್ಲಿಷಿನಲ್ಲಿ ಅಪ್ಪಣೆ ಮಾಡಿದರು. ಆನೆಯಾಗಿದ್ದ ನಾನು ಗಿನಿಕೋಳಿಯ ದುಃಖ ಹೇಳಿದೆ. ಸಿಂಚನಾ ಎಂದಿನಂತೆ ಇಲ್ಲವೆಂದು ತಲೆಯಲ್ಲಾಡಿಸಿದಳು. ಆಂಟಿ ನನ್ನಮ್ಮನ ಕಡೆ ತಿರುಗಿ, "ಇವಳಿಗೆ ಬರುತ್ತಿಲ್ಲ, ನೀವು ಹೇಳಿ" ಎಂದರು.

ಆ ಆಟದ ನಿಯಮವನ್ನು ನನ್ನ ಬಾಯಲ್ಲಿ ಎಷ್ಟೋ ಸಲ ಕೇಳಿದ್ದ ಅಮ್ಮನಿಗೆ ಅರ್ಥವಾಯಿತು. ಕನ್ನಡದಲ್ಲೇ ಹೇಳಿದಳು: "ವಿದ್ಯಾ, ಅಷ್ಟೊಂದು ಕಷ್ಟಪಟ್ಟು ಹೋಳಿಗೆ ಮಾಡ್ಕೊಂಡ್ ಬಂದ್ರಿ. ಯಾರೂ ಮುಟ್ಲಿಲ್ಲ. ನಾನು ಬೇಕಂತಲೇ ಒಳಗಿಟ್ಟೆ ಅನ್ನಿಸ್ತು ನಿಮಗೆ."

"ಅಷ್ಟೇ ಅಲ್ಲ ರೀ."

"ಮತ್ತೆ?"

"ಅದು ನಾನ್ ಮಾಡಿದ್ದಲ್ಲ. ಮೈಸೂರಿಂದ ಬಂದಿದ್ರಲ್ಲ ನಮ್ಮತ್ತೆ, ಅವರು ಮಾಡಿದ್ದು. ಜನ ತಿನ್ನೋದು ನೋಡ್ಬೇಕು ಅಂತ ಊಟದ ಸಾಲಿನ ಹತ್ರಾನೇ ಕುರ್ಚಿ ಹಾಕ್ಕೊಂಡು ಕೂತಿದ್ರು."

"ಅಯ್ಯೋ ದೇವ್ರೇ!" ಅಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಕೊನೇವರೆಗೂ ಕಾಯ್ತಿದ್ರಾ?"

ವಿದ್ಯಾ ಆಂಟಿ ಮೂಗು ಒರೆಸಿಕೊಂಡರು. "ನಿಮಗೂ ಅಷ್ಟೇ. ಎಲ್ಲಾ ಕೆಲಸ ನಿಮ್ಮೊಬ್ರ ತಲೆಗೆ ಕಟ್ಟಿ, ನಾವೆಲ್ಲ ಸೀರೆ ಉಟ್ಕೊಂಡು ಫೋಟೋ ತೆಗೆಸ್ಕೊಳ್ತಿದ್ವಿ."

"ಹೌದು ಕಣ್ರೀ, ಅಷ್ಟೇ," ಎನ್ನುತ್ತಲೇ ಅಮ್ಮ ಅತ್ತುಬಿಟ್ಟಳು. ಒಂದಕ್ಷರ ಕನ್ನಡ ತಿಳಿಯದ ಎಫುವಾ ಆಂಟಿ ಬಾಳೆಹಣ್ಣಿನ ತಟ್ಟೆ ತಂದು ಇಬ್ಬರ ನಡುವೆ ಇಟ್ಟರು. ಸೋಮವಾರ ಸಿಂಚನಾ ಬಂದಳು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಎಫುವಾ ಆಂಟಿ ಬೇರೆ ರಾಜ್ಯದಲ್ಲಿರುವ ಮಗಳ ಮನೆಗೆ ಹೋಗಿ ಬಹಳ ವರ್ಷಗಳಾದವು. ನಾನೀಗ ಅಮೆರಿಕದ್ದೇ ಇನ್ನೊಂದು ಊರು ಲಿವೋನಿಯಾದಲ್ಲಿದ್ದೇನೆ. ಅಮ್ಮ, ವಿದ್ಯಾ ಆಂಟಿ ಇವತ್ತಿಗೂ ಗಂಟೆಗಟ್ಟಲೆ ಫೋನಿನಲ್ಲಿ ಹರಟುತ್ತಾರೆ. ಸಿಂಚನಾ ಹಾಫ್‌ಮನ್ ಎಸ್ಟೇಟ್ಸ್ ಎಂಬ ಊರಿನಲ್ಲಿ ಮನೆ ಕೊಂಡದ್ದು ನನಗೆ ಗೊತ್ತಾದದ್ದೂ ಅವರ ಆ ಹರಟೆಯಿಂದಲೇ. ನಮ್ಮಿಬ್ಬರ ನಡುವೆ ಉಳಿದಿರುವುದು ಬರ್ತ್‌ಡೇ ದಿನದ ಒಂದು ಮೆಸೇಜು.

"ಯಾಕೆ, ನಿಮ್ಮಿಬ್ರಿಗೆ ಏನಾದ್ರೂ ಜಗಳ ಆಯ್ತಾ?" ಎಂದು ಮೊನ್ನೆ ಅಮ್ಮ ಕೇಳಿದಳು.

"ಇಲ್ಲಮ್ಮ, ಏನೂ ಆಗಿಲ್ಲ," ಎಂದೆ. ನಿಜವಾಗಿಯೂ ಏನೂ ಆಗಿಲ್ಲ. ಜಗಳವಾದರೂ ಆಗಿದ್ದರೆ ಯಾರಾದರೂ ನಮ್ಮಿಬ್ಬರನ್ನು ಕರೆದು ಕೂರಿಸುತ್ತಿದ್ದರು.