ಕಪ್ಪಗಾದ ಮೇಲಿನ ಕಾವು

ಕೋಣೆಯಷ್ಟು ದೊಡ್ಡ ಕರೆಂಟಿನ ಫರ್ನೇಸಿನಲ್ಲಿ ಉಕ್ಕಿನ ಗೇರುಗಳನ್ನು ಕೆಂಪಗೆ ಕಾಯಿಸಿ ಹದ ಮಾಡುವ ಕೆಲಸದಲ್ಲೇ ಅವನ ತಲೆ ನರೆತಿತ್ತು. ಕಾರ್ಖಾನೆಯವರಿಗೆಲ್ಲ ಅವನು ಫರ್ನೇಸ್ ಮಾಮ. ಕೆಂಪಗಿರುವ ಉಕ್ಕಿಗೆ ಮಾಮ ಹೆದರುವವನಲ್ಲ. ತಾನು ಸುಡುತ್ತೇನೆಂದು ಅದು ಬಾಯಿಬಿಟ್ಟು ಹೇಳುತ್ತದೆ. ಹೊರಗೆ ಬಂದು ಕಪ್ಪಗಾಗಿ, ಏನೂ ಆಗಿಲ್ಲವೆಂಬಂತೆ ಕೂತಿರುತ್ತದಲ್ಲ, ಆಗಲೇ ಕೈ ಸುಡುವುದು. ಹಾಗಾಗಿ ಏನನ್ನೇ ಮುಟ್ಟುವ ಮೊದಲು ಅಂಗೈಯ ಹಿಂಬದಿಯನ್ನು ಹತ್ತಿರ ಹಿಡಿದು ಕಾವು ನೋಡುವುದು ಅವನಿಗೆ ಅಂಟಿಕೊಂಡ ಚಾಳಿ. ಮನೆಯಲ್ಲಿ ಬಾಗಿಲ ಚಿಲಕಕ್ಕೂ, ಬಕೆಟ್ಟಿನ ತಣ್ಣೀರಿಗೂ ಅದೇ ಮರ್ಯಾದೆ.

ಹೆಂಡತಿಯ ಸಿಟ್ಟಿನ ಲೆಕ್ಕವೂ ಅವನಿಗೆ ಹಾಗೇ. ಕೂಗಾಡಿದರೆ ಚಿಂತೆಯಿಲ್ಲ, ಸುಮ್ಮನಾದರೆ ಕಷ್ಟ.

ಅವಳ ಕಣ್ಣಿನ ಆಪರೇಷನ್ನಿಗೆ ಜೊತೆಗೆ ಬರುತ್ತೇನೆ ಎಂದಿದ್ದ. ಆ ದಿನವೇ ಕರೆಂಟು ಕೈಕೊಟ್ಟು, ಫರ್ನೇಸು ಅರ್ಧಕ್ಕೆ ನಿಂತು, ಅವನು ಹೋಗಲೇ ಇಲ್ಲ. ಸಂಜೆ ಮನೆಗೆ ಬಂದರೆ ಅವಳು ಒಂದು ಕಣ್ಣಿಗೆ ಪಟ್ಟಿ ಹಾಕಿಸಿಕೊಂಡು ಮಂಚದ ಮೇಲೆ ಗೋಡೆಗೊರಗಿ ಕೂತಿದ್ದಳು. ಒಬ್ಬಳೇ ಹೋಗಿ ಒಬ್ಬಳೇ ಬಂದಿದ್ದಳು.

"ಗೇರಿನ ಲೋಡು ಫರ್ನೇಸಿನೊಳಗಿತ್ತು ಕಣೇ. ಬಿಟ್ಟು ಬಂದಿದ್ರೆ ಎಲ್ಲಾ ಹಾಳಾಗ್ತಿತ್ತು."

ಅವಳು ತುಟಿಪಿಟಕ್ಕೆನ್ನಲಿಲ್ಲ. ಅವನು ಪಕ್ಕದಲ್ಲಿ ಕೂತ. ಕೈ ತಾನಾಗಿ ಮೇಲೆದ್ದು, ಹಿಂಬದಿ ಮುಂದಾಗಿ, ಅವಳ ಕೆನ್ನೆಗೆ ಇನ್ನೇನು ತಾಗಬೇಕು ಎನ್ನುವಲ್ಲಿ ನಿಂತುಬಿಟ್ಟಿತು.

ಅವಳು ಒಂದೇ ಕಣ್ಣಲ್ಲಿ ಆ ಕೈಯನ್ನು ನೋಡಿದಳು.

"ಇನ್ನೂ ಆರಿಲ್ಲ," ಎಂದಳು. "ಅಲ್ಲಿ ಆ ಉಕ್ಕು ಆರೋ ತನಕ ಎದುರಿಗೇ ಕೂತಿರ್ತೀರಲ್ಲ, ಇಲ್ಲೂ ಕೂತ್ಕೊಳ್ಳಿ."